ಪರೀಕ್ಷೆಯ ಬಳಿಕ ಉಳಿಯುವ ಕಡತಗಳು

ಪ್ರಯೋಗಶಾಲೆಯಲ್ಲಿ ಉಷ್ಣಮಾಪಕವನ್ನು ತೂಗುವ ಮುನ್ನ ಅದನ್ನು ಒರೆಸಿ ಒಣಗಿಸಬೇಕೆಂಬುದು ವಿದ್ಯಾರ್ಥಿಗಳೆಲ್ಲರೂ ಬಲ್ಲ ನಿಯಮ. ಹಿಂದಿನವರು ಬಿಟ್ಟ ನೀರು ತಳದಲ್ಲಿ ಉಳಿದಿದ್ದರೆ ಪಾತ್ರೆಯ ತೂಕವೂ ತಪ್ಪುವುದು, ಅದರಿಂದ ಕಂಡುಹಿಡಿಯುವ ವಿಶಿಷ್ಟೋಷ್ಣವೂ ತಪ್ಪುವುದು. ಗಣಕಯಂತ್ರದ ಪ್ರೋಗ್ರಾಮುಗಳನ್ನು ಪರೀಕ್ಷಿಸುವಲ್ಲಿಯೂ ಇದೇ ನಿಯಮವುಂಟು. ಆದರೆ ಅಲ್ಲಿ ಉಳಿಯುವುದು ನೀರಲ್ಲ, ಕಡತ, ಎಂದರೆ ಫೈಲು.

ಒಂದು ಪ್ರೋಗ್ರಾಮು ಸರಿಯಾಗಿದೆಯೆ ಎಂದು ನೋಡುವ ಕೆಲಸವನ್ನು ಈಗ ಬಹುಮಟ್ಟಿಗೆ ಇನ್ನೊಂದು ಪ್ರೋಗ್ರಾಮಿಗೇ ವಹಿಸುತ್ತಾರೆ. ತಿದ್ದುಪಡಿಯಾದಾಗಲೆಲ್ಲ ನೂರಾರು ಸಣ್ಣ ಪರೀಕ್ಷೆಗಳು ತಾವಾಗಿಯೇ ನಡೆಯುತ್ತವೆ. ಅವುಗಳಲ್ಲಿ ಹಲವು ಕಡತಗಳನ್ನು ಹುಟ್ಟಿಸುತ್ತವೆ. ಅವನ್ನು ಅಳಿಸದಿದ್ದರೆ ಏನಾಗುವುದು?

ನಿಡಸೋಸಿಯಲ್ಲಿ 1996ರಿಂದ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ನೆರೆಯ ಸಂಕೇಶ್ವರದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಅಲ್ಲಿಯ ವಿದ್ಯಾರ್ಥಿಯೊಬ್ಬನು ಕಬ್ಬಿನ ತೂಕದ ಚೀಟಿ ಬರೆಯುವ ಪ್ರೋಗ್ರಾಮನ್ನು ರಚಿಸಿದನೆಂದು ಭಾವಿಸೋಣ. ಚೀಟಿಯ ಕಡತ ಹುಟ್ಟಿತೆ, ಇಲ್ಲವೆ ಎಂಬುದೇ ಪರೀಕ್ಷೆ. ಮೊದಲ ದಿನ ಅದು ಹುಟ್ಟಿತು. ಆದರೆ ಯಾರೂ ಅಳಿಸಲಿಲ್ಲ. ಮರುದಿನ ಪ್ರೋಗ್ರಾಮು ಕೆಟ್ಟು ಏನನ್ನೂ ಬರೆಯದೆ ಹೋದರೂ ಹಳೆಯ ಕಡತವನ್ನು ಕಂಡು ಪರೀಕ್ಷೆಯು 'ಸರಿ' ಎನ್ನುತ್ತದೆ. ಅಂಥ ಪ್ರೋಗ್ರಾಮು ಕಾರ್ಖಾನೆಯನ್ನು ಸೇರಿದರೆ, ರಾತ್ರಿಯೆಲ್ಲ ಗಾಡಿಯೊಡನೆ ಕಾದ ರೈತನಿಗೆ ಚೀಟಿಯೇ ದೊರೆಯದು.

ಪರೀಕ್ಷೆಯ ಕೊನೆಯ ಸಾಲಿನಲ್ಲಿ 'ಅಳಿಸು' ಎಂದು ಬರೆದರೆ ಸಾಲದೆ? ಸಾಲದು. ಪರೀಕ್ಷೆ ಸೋತಾಗ ನಡುವೆಯೇ ನಿಂತುಬಿಡುತ್ತದೆ. ಕೊನೆಯ ಸಾಲನ್ನು ಮುಟ್ಟುವುದೇ ಇಲ್ಲ. ಆದುದರಿಂದ 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ರಚಿಸಿದ 'ಜೆಯುನಿಟ್' ಎಂಬ ಸಾಧನದಲ್ಲಿ ಸಿದ್ಧತೆಗೊಂದು, ಶುಚಿಗೊಂದು ಪ್ರತ್ಯೇಕ ಭಾಗಗಳಿದ್ದುವು. 'ಟೇರ್‌ಡೌನ್' ಎಂಬ ಎರಡನೆಯದು ಪರೀಕ್ಷೆ ಗೆದ್ದರೂ ಸೋತರೂ ನಡೆಯುತ್ತದೆ. ಆದರೆ ವಿದ್ಯುತ್ತೇ ಹೋದರೆ ಅದೂ ನಡೆಯದು. ಅದಕ್ಕಾಗಿ ಪ್ರತಿ ಪರೀಕ್ಷೆಗೂ ಹೊಸ ಹೆಸರಿನ ತಾತ್ಕಾಲಿಕ ಕೋಶವೊಂದನ್ನು, ಎಂದರೆ ಫೋಲ್ಡರನ್ನು, ಕೊಡುವುದು ಲೇಸು. ಹಳೆಯದು ಉಳಿದರೂ ಹೊಸದರೊಡನೆ ಬೆರೆಯದು. ಸೋತ ಪರೀಕ್ಷೆಯ ಕಡತಗಳು ದೋಷವನ್ನು ಹುಡುಕಲು ಸಾಕ್ಷ್ಯವೂ ಆಗುವುದರಿಂದ, 'ಪೈಟೆಸ್ಟ್' ಎಂಬ ಸಾಧನವು ಸಾಮಾನ್ಯವಾಗಿ ಕೊನೆಯ 3 ಸಲದ ಕೋಶಗಳನ್ನು ಇರಿಸಿಕೊಂಡು ಹಿಂದಿನವನ್ನು ಅಳಿಸುತ್ತದೆ.

ಉಳಿದ ಕಡತಗಳು ಯಂತ್ರವನ್ನೇ ನಿಲ್ಲಿಸಲೂಬಲ್ಲವು. 2004ರ ಜನವರಿ 4ರಂದು ಮಂಗಳದ ಮೇಲಿಳಿದ 'ಸ್ಪಿರಿಟ್' ಬಂಡಿಯು ಅದೇ ತಿಂಗಳ 21ರಂದು ತೊಂದರೆಗೆ ಸಿಲುಕಿ, ಮತ್ತೆ ಮತ್ತೆ ತಾನೇ ಆರಿ ಹೊತ್ತಿಕೊಳ್ಳತೊಡಗಿತು. ಪ್ರಯಾಣದ ಕಾಲದಿಂದ ಕೂಡಿದ್ದ ಕಡತಗಳ ಪಟ್ಟಿಯನ್ನು ಹಿಡಿಸಲು ಸ್ಮೃತಿಯಲ್ಲಿ ಎಡೆ ಸಾಲದೆ ಹೋದುದೇ ಕಾರಣ. ಭೂಮಿಯ ಮೇಲಿನ ಪರೀಕ್ಷೆಗಳಲ್ಲಿ ಅಷ್ಟು ಕಡತಗಳು ಕೂಡಿರಲಿಲ್ಲ. ಇಂಜಿನಿಯರರು ದೂರದಿಂದಲೇ ಅವನ್ನು ಅಳಿಸಿದ ಮೇಲೆ ಬಂಡಿಯು ಚೇತರಿಸಿಕೊಂಡು 2010ರವರೆಗೂ ದುಡಿಯಿತು.

ಪ್ರೋಗ್ರಾಮು ಬರೆಯುವ ವಿದ್ಯಾರ್ಥಿಗಳು ಇದನ್ನು ತಾವೇ ಪರಿಶೀಲಿಸಬಹುದು. ಪರೀಕ್ಷೆಗೆ ಮೊದಲು ಕೋಶದಲ್ಲಿರುವ ಕಡತಗಳನ್ನು ಎಣಿಸಿರಿ. ಮುಗಿದ ಮೇಲೆ ಇನ್ನೊಮ್ಮೆ ಎಣಿಸಿರಿ. ಬಳಿಕ ಪರೀಕ್ಷೆಗಳನ್ನು ಹಿಂದುಮುಂದಾಗಿ ನಡೆಸಿರಿ. ಎಣಿಕೆ ಹೆಚ್ಚಿದರೆ, ಅಥವಾ ಕ್ರಮ ಬದಲಾದೊಡನೆ ಫಲವೂ ಬದಲಾದರೆ, ಹಿಂದಿನ ಪರೀಕ್ಷೆಯ ನೀರು ಪಾತ್ರೆಯಲ್ಲಿ ಉಳಿದಿದೆಯೆಂದೇ ಶಂಕಿಸಬೇಕು.