ಮುಟ್ಟಿಗೂ ಮೊದಲೇ ಕಾಣುವ ಗುರುತುಗಳು

ನಮ್ಮ ಕಡೆ ಹುಡುಗಿ ದೊಡ್ಡವಳಾದಳು ಎನ್ನುವುದು ಮೊದಲ ಮುಟ್ಟು ಬಂದಾಗ. ಕೊಬ್ಬರಿ ಬೆಲ್ಲ ತಿನ್ನಿಸುವುದು, ಆರತಿ ಎತ್ತುವುದು ಎಲ್ಲ ಆಗಲೇ. ವೈದ್ಯರ ಲೆಕ್ಕವೇ ಬೇರೆ. ಎದೆ ಮೂಡಲು ಶುರುವಾಗಿ ಎರಡು, ಎರಡೂವರೆ ವರ್ಷ ಕಳೆದ ಮೇಲೆ ಸಾಮಾನ್ಯವಾಗಿ ಮುಟ್ಟು ಬರುತ್ತದೆ. ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮೊದಲೇ ಪ್ರಾಯದ ಗುರುತು ಕಂಡರೆ ಅದು ಅಕಾಲ ಪ್ರೌಢತೆ. ಮುಟ್ಟು ಬರಲಿ, ಆಮೇಲೆ ನೋಡೋಣ ಎಂದು ಕೂತರೆ ಚಿಕಿತ್ಸೆಗೆ ಒದಗುವ ಒಳ್ಳೆಯ ಕಾಲ ಕೈತಪ್ಪಿರುತ್ತದೆ.

ಹುಡುಗಿಯರಲ್ಲಿ ಬಹುಮಟ್ಟಿಗೆ ಮೊದಲು ಕಾಣುವುದು ಮೊಲೆತೊಟ್ಟಿನ ಅಡಿಯಲ್ಲೊಂದು ಸಣ್ಣ ಗಂಟು. ಸ್ನಾನ ಮಾಡಿಸುವಾಗ ಕೈ ತಾಗಿದರೆ ಮಗು "ನೋವು, ಮುಟ್ಟಬೇಡಮ್ಮ" ಎಂದು ಸರಿಯುತ್ತದೆ. ಎಷ್ಟೋ ಸಲ ಅದು ಒಂದೇ ಕಡೆ ಇರುತ್ತದೆ, ಇನ್ನೊಂದು ಕಡೆಯದು ಕೆಲವು ತಿಂಗಳು ತಡವಾಗಿ ಮೂಡುತ್ತದೆ. ಗಡ್ಡೆಯೆಂದು ಹೆದರಿ ಅದನ್ನು ಕೊಯ್ಯಿಸಬಾರದು, ಕೊಯ್ದರೆ ಆ ಕಡೆ ಸ್ತನವೇ ಬೆಳೆಯದೆ ಹೋದೀತು. ಮೈತುಂಬಿದ ಮಗುವಿನಲ್ಲಿ ಅದು ಬರಿಯ ಕೊಬ್ಬೋ ಅಲ್ಲವೋ ಎಂಬುದು ನೋಟಕ್ಕೆ ತಿಳಿಯುವುದಿಲ್ಲ, ವೈದ್ಯರು ಮುಟ್ಟಿ ನೋಡಿಯೇ ಹೇಳಬೇಕು.

ಹುಡುಗರಲ್ಲಿ ಮೀಸೆ ಚಿಗುರುವುದು, ಗಂಟಲು ಒಡೆಯುವುದು ನಂತರದ ಮಾತು. ಮೊದಲು ದೊಡ್ಡದಾಗುವುದು ವೃಷಣ. ಅದನ್ನು ಅಳೆಯಲು ಮೊಟ್ಟೆಯಾಕಾರದ ಮಣಿಗಳ ಸರವೊಂದಿದೆ. ಸ್ವಿಟ್ಜರ್ಲೆಂಡಿನ ವೈದ್ಯ ಆಂಡ್ರಿಯಾ ಪ್ರಾಡರ್ ರೂಪಿಸಿದ ಈ ಸರದಲ್ಲಿ 1ರಿಂದ 25 ಮಿಲಿಲೀಟರ್ ಅಳತೆಯ ಮಣಿಗಳಿರುತ್ತವೆ. 4ರ ಮಣಿಗೆ ಸರಿಹೊಂದಿದರೆ ಪ್ರಾಯ ಶುರುವಾಗಿದೆ ಎಂದರ್ಥ. ಹುಡುಗಿಯರಲ್ಲಿ ಹೆಚ್ಚಿನ ಬಾರಿ ಅಕಾಲ ಪ್ರೌಢತೆಗೆ ಕಾರಣವೇ ಸಿಗುವುದಿಲ್ಲ. ಹುಡುಗರಲ್ಲಿ ಮಿದುಳಿನ ಗಡ್ಡೆಯಂಥ ಕಾರಣ ಸಿಗುವ ಸಂಭವ ಹೆಚ್ಚು, ಆದ್ದರಿಂದ ಎಂಆರ್‌ಐ ಮಾಡಿಸಲು ಹೇಳಿದರೆ ಮುಂದೂಡಬೇಡಿ.

ಮನೆಯವರನ್ನು ತುಂಬ ಮೋಸಗೊಳಿಸುವ ಗುರುತೆಂದರೆ ಎತ್ತರ. ಮಗು ಏಕಾಏಕಿ ಉದ್ದವಾದರೆ ಎಲ್ಲರಿಗೂ ಖುಷಿ. ಆದರೆ ಎತ್ತರವನ್ನು ಹೆಚ್ಚಿಸುವ ಹಾರ್ಮೋನುಗಳೇ ಮೂಳೆಯ ತುದಿಯ ಬೆಳವಣಿಗೆಯ ಪಟ್ಟಿಯನ್ನು ಬೇಗ ಮುಚ್ಚಿಯೂ ಬಿಡುತ್ತವೆ. ಇಂದು ತರಗತಿಯಲ್ಲೇ ಉದ್ದವಾಗಿರುವ ಹುಡುಗಿ ಮುಂದೆ ಎಲ್ಲರಿಗಿಂತ ಗಿಡ್ಡವಾಗಿ ಉಳಿಯಬಹುದು. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ವಯಸ್ಸನ್ನು ಅಂದಾಜು ಮಾಡುತ್ತಾರೆ. ಏಳು ವರ್ಷದ ಮಗುವಿಗೆ ಹತ್ತರ ಮೂಳೆ ಇದ್ದರೆ ಯೋಚಿಸಬೇಕಾದ್ದೇ.

ಎಲ್ಲ ಗುರುತೂ ಕಾಯಿಲೆಯಲ್ಲ. ಕಂಕುಳ ಬೆವರು ವಾಸನೆ ಬರುವುದು, ಒಂದೆರಡು ಕೂದಲು ಮೂಡುವುದು ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಕೆಲಸದಿಂದಲೂ ಆಗುತ್ತದೆ. ಎರಡು ವರ್ಷದೊಳಗಿನ ಹೆಣ್ಣುಕೂಸಿಗೆ ಎದೆ ತುಸು ಉಬ್ಬಿ ತಾನಾಗಿ ಇಳಿಯುವುದೂ ಉಂಟು. ಆದರೂ ವೈದ್ಯರಿಗೆ ಒಮ್ಮೆ ತೋರಿಸಿ. ಅವರು ಮುಖ್ಯವಾಗಿ ಗಮನಿಸುವುದು ಬದಲಾವಣೆಯ ವೇಗವನ್ನು. ಜೊತೆಗೆ ತಲೆನೋವು, ದೃಷ್ಟಿ ಮಂಕಾಗುವುದು, ಕಾರಣವಿಲ್ಲದೆ ಮತ್ತೆ ಮತ್ತೆ ನಗು ಉಕ್ಕುವುದು ಕಂಡರೆ, ಅಥವಾ ಎದೆ ಮೂಡದೆಯೇ ರಕ್ತಸ್ರಾವವಾದರೆ ತಡಮಾಡುವಂತಿಲ್ಲ.

ಪ್ರಾಯ ಬೇಗ ಬಂದರೆ ಬ್ರಾಯ್ಲರ್ ಕೋಳಿ, ಪ್ಯಾಕೆಟ್ ಹಾಲನ್ನು ದೂರುವುದು ನಮ್ಮಲ್ಲಿ ರೂಢಿ. ಬ್ರಾಯ್ಲರ್ ಕೋಳಿ ಬೇಗ ಬೆಳೆಯುವುದು ತಳಿ ಮತ್ತು ಮೇವಿನ ಬಲದಿಂದ, ಹಾರ್ಮೋನಿನಿಂದಲ್ಲ. ಅದಕ್ಕಿಂತ, ಹುಡುಗಿಯರಲ್ಲಿ ಬೊಜ್ಜಿಗೂ ಬೇಗ ಬರುವ ಪ್ರಾಯಕ್ಕೂ ಇರುವ ನಂಟು ಚೆನ್ನಾಗಿ ಗೊತ್ತಿರುವ ಸಂಗತಿ. ಅಪ್ಪ ಮೈಗೆ ಹಚ್ಚಿಕೊಳ್ಳುವ ಟೆಸ್ಟೋಸ್ಟಿರಾನ್ ಜೆಲ್ ಮಗುವಿನ ಚರ್ಮಕ್ಕೆ ತಾಗಿಯೂ ಪ್ರಾಯದ ಕೆಲವು ಗುರುತುಗಳು ಮೂಡಬಹುದು.

ಚಿಕಿತ್ಸೆ ಎಲ್ಲರಿಗೂ ಬೇಕಿಲ್ಲ. ಮಿದುಳಿನಿಂದಲೇ ಹೊರಟ ಪ್ರಾಯವಾದರೆ ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್ ಕೊಟ್ಟು ತಡೆಹಿಡಿಯುತ್ತಾರೆ. ನಿಲ್ಲಿಸಿದ ಮೇಲೆ ಪ್ರಾಯ ತಾನಾಗಿ ಮುಂದುವರಿಯುತ್ತದೆ. ಮಕ್ಕಳ ಹಾರ್ಮೋನು ತಜ್ಞರ ಬಳಿ ಹೋಗುವಾಗ ತಾಯಿ ಕಾರ್ಡು, ಶಾಲೆಯಲ್ಲಿ ಬರೆದಿಟ್ಟ ಎತ್ತರ, ತೂಕ, ಸಿಕ್ಕಿದ್ದೆಲ್ಲ ಒಯ್ಯಿರಿ.

ಎರಡನೇ ತರಗತಿಯ ಮಗು ಐದನೆಯದರಂತೆ ಕಂಡರೂ ಮನಸ್ಸು ಎರಡನೇ ತರಗತಿಯದೇ. ನೆಂಟರ ಮುಂದೆ ಅವಳ ಮೈಯ ಮಾತೆತ್ತಬೇಡಿ, "ಕತ್ತೆಯಷ್ಟು ಬೆಳೆದಿದ್ದೀಯ" ಎಂದು ಗದರಬೇಡಿ. ಮೈಯಲ್ಲಿ ಏನಾಗುತ್ತಿದೆ ಎಂದು ಅಮ್ಮನೋ ಅಜ್ಜಿಯೋ ಅವಳಿಗೆ ತಿಳಿಯುವಷ್ಟು ಹೇಳಲಿ. ಟೀಚರ್ ಒಬ್ಬರಿಗೆ ವಿಷಯ ತಿಳಿಸಿ, ಮುಟ್ಟು ಹತ್ತಿರವಿದೆ ಎಂದು ವೈದ್ಯರು ಹೇಳಿದ್ದರೆ ಬ್ಯಾಗಿನಲ್ಲೊಂದು ಪ್ಯಾಡ್, ಒಂದು ಜೊತೆ ಬಟ್ಟೆ ಇಟ್ಟು ಕಳಿಸಿ.