ಹೊಸ ಫೋನಿಗೆ ಹಾಡು ಯಾಕೆ ಹೋಗುವುದಿಲ್ಲ?

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಮನೆಯಲ್ಲಿ ಯಾರಾದರೊಬ್ಬರಿಗೆ ರಾತ್ರಿ ನಿದ್ದೆಯಿಲ್ಲ. ಕಡ್ಡಿಗೆ ಕಟ್ಟಿದ ಎಲೆಯನ್ನು ಬ್ಯಾರನ್ನಿಗೆ ಏರಿಸಿ ಬೆಂಕಿ ಹಾಕಿದರೆ ಐದಾರು ದಿನ ಉರಿ ಆರಬಾರದು, ಅತಿಯೂ ಆಗಬಾರದು. ಸೌದೆ ನೂಕುತ್ತ ಕೂತವರಿಗೆ ಜೊತೆ ಅಂದರೆ ಹಾಡು. ಮೊದಲು ಮೈಸೂರು ಆಕಾಶವಾಣಿ ಇತ್ತು, ಆಮೇಲೆ ಟೇಪ್ ರೆಕಾರ್ಡರ್ ಬಂತು, ಅದಾದ ಮೇಲೆ ಬಟನ್ ಫೋನು ಮತ್ತು ಉಗುರಿನಷ್ಟಗಲದ ಮೆಮೊರಿ ಕಾರ್ಡು. ಕಾರ್ಡನ್ನು ಬಿಚ್ಚಿ ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಗೆ ಕೊಟ್ಟರೆ, ಒಂದು ಟೀ ಕುಡಿದು ಬರುವಷ್ಟರಲ್ಲಿ ರಾಜ್‌ಕುಮಾರ್ ಒಂದು ಫೋಲ್ಡರ್, ವಿಷ್ಣುವರ್ಧನ್ ಒಂದು ಫೋಲ್ಡರ್, ಮಾದಪ್ಪನ ಕಥೆ ಒಂದು ಫೋಲ್ಡರ್ ತುಂಬಿಕೊಂಡು ವಾಪಸ್ ಬರುತ್ತಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ತಪ್ಪೇ. ಆದರೆ ಹಳ್ಳಿಗಳಿಗೆ ಹಾಡು ಹರಡಿದ ಬಗೆ ಅದೇ ಎಂಬುದೂ ಸುಳ್ಳಲ್ಲ.

ಈಗ ಕೈಗೆ ಸ್ಮಾರ್ಟ್‌ಫೋನ್ ಬಂದಿದೆ. ಬಹಳ ಮಾದರಿಗಳಲ್ಲಿ ಕಾರ್ಡು ಹಾಕುವ ಜಾಗವೇ ಇಲ್ಲ. ಕೇಬಲ್ ಚುಚ್ಚಿ ಹಾಡು ಹಾಕಬೇಕು. ಅಂಗಡಿಯಲ್ಲಿ ನಡೆಯುವ ಮಾತು ಹೀಗಿರುತ್ತದೆ:

“ಅಣ್ಣ, ಕಂಪ್ಯೂಟರ್‌ನಲ್ಲಿ ನಿಮ್ ಫೋನೇ ತೋರಿಸ್ತಿಲ್ಲ.”

“ಚಾರ್ಜ್ ಆಯ್ತಾ ಅದಲ್ಲಪ್ಪ?”

“ಚಾರ್ಜ್ ಆಯ್ತದೆ. ಹಾಡು ಹೋಗದಿಲ್ಲ.”

ಇಬ್ಬರೂ ಹೇಳುವುದು ನಿಜ. ಚಾರ್ಜ್ ಆಗುವುದೂ ಹಾಡು ಹೋಗುವುದೂ ಒಂದೇ ಕೇಬಲ್ಲಿನೊಳಗೆ ಬೇರೆ ಬೇರೆ ತಂತಿಗಳ ಕೆಲಸ. ಮಾಮೂಲಿ ಯುಎಸ್‌ಬಿ ಕೇಬಲ್ಲಿನ ಅಗಲ ತುದಿಯೊಳಗೆ ಇಣುಕಿ ನೋಡಿ, ಹಿತ್ತಾಳೆ ಬಣ್ಣದ ನಾಲ್ಕು ಪಟ್ಟಿ ಕಾಣುತ್ತವೆ. ಆಚೆ ಈಚೆ ತುದಿಯ ಎರಡು ಪಟ್ಟಿ ಐದು ವೋಲ್ಟ್ ವಿದ್ಯುತ್ತಿಗೆ, ನಡುವಿನ ಎರಡು ಮಾಹಿತಿಗೆ. ಸಂತೆಯಲ್ಲಿ ಸಿಗುವ ಕಡಿಮೆ ಬೆಲೆಯ ಕೇಬಲ್ಲುಗಳಲ್ಲಿ ಎಷ್ಟೋ ಸಲ ನಡುವಿನ ಎರಡು ತಂತಿಗಳನ್ನು ಎಳೆದೇ ಇರುವುದಿಲ್ಲ. ಪಟ್ಟಿ ಇದ್ದರೂ ಒಳಗೆ ತಂತಿ ಇರುವುದಿಲ್ಲ. ಹೊರಗಿನಿಂದ ನೋಡಿ ಇದನ್ನು ಕಂಡುಹಿಡಿಯಲು ಆಗದು, ಇನ್ನೊಂದು ಕೇಬಲ್ ಹಾಕಿಯೇ ನೋಡಬೇಕು.

ಕೇಬಲ್ ಸರಿಯಿದ್ದರೂ ಹೊಸ ಫೋನು ಸುಮ್ಮನೆ ಬಾಗಿಲು ತೆರೆಯುವುದಿಲ್ಲ. ಆಂಡ್ರಾಯ್ಡ್ ಫೋನನ್ನು ಕಂಪ್ಯೂಟರಿಗೆ ಚುಚ್ಚಿದರೆ ಅದು ಮೊದಲು ವಿದ್ಯುತ್ತನ್ನಷ್ಟೇ ತೆಗೆದುಕೊಳ್ಳುತ್ತದೆ. ಪರದೆಯ ಮೇಲಿನಿಂದ ಕೆಳಕ್ಕೆ ಎಳೆದು ‘ಫೈಲ್ ವರ್ಗಾವಣೆ’ ಎಂಬುದನ್ನು ನಾವೇ ಒತ್ತಬೇಕು, ಅದಕ್ಕೂ ಮೊದಲು ಲಾಕ್ ತೆಗೆದಿರಬೇಕು. ಇದು ಫೋನಿನ ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಬಸ್ ನಿಲ್ದಾಣದಲ್ಲೋ ರೈಲಿನಲ್ಲೋ ಚಾರ್ಜಿಗೆಂದು ಚುಚ್ಚಿದಾಗ ಆ ಕಡೆಯ ಯಂತ್ರ ನಮ್ಮ ಫೋಟೊಗಳಿಗೆ ಕೈ ಹಾಕದಿರಲಿ ಎಂದು.

ಇಷ್ಟೆಲ್ಲ ಆಗಿ ಫೋನು ಕಂಪ್ಯೂಟರಿನಲ್ಲಿ ಕಾಣಿಸಿಕೊಂಡಾಗ ಗಮನವಿಟ್ಟು ನೋಡುವವರಿಗೆ ಒಂದು ವ್ಯತ್ಯಾಸ ಹೊಳೆಯುತ್ತದೆ. ಪೆನ್‌ಡ್ರೈವಿಗೆ ‘ಇ’ ಅಥವಾ ‘ಎಫ್’ ಎಂಬ ಅಕ್ಷರ ಸಿಗುತ್ತದೆ, ಫೋನಿಗೆ ಸಿಗುವುದಿಲ್ಲ. ಅದರ ಹೆಸರು ಮಾತ್ರ ಇರುತ್ತದೆ. ಹೊಸ ಫೋನಿನ ಅರ್ಧ ತರಲೆಗಳಿಗೆ ಕಾರಣ ಇಲ್ಲಿದೆ.

ಹಳೆಯ ಫೋನುಗಳು ಕಂಪ್ಯೂಟರಿಗೆ ಸಿಕ್ಕಿಸಿದಾಗ ಪೆನ್‌ಡ್ರೈವಿನಂತೆಯೇ ನಡೆದುಕೊಳ್ಳುತ್ತಿದ್ದವು. ಅಂದರೆ ಕಾರ್ಡಿನೊಳಗಿನ ಪ್ರತಿಯೊಂದು ಖಾನೆಯನ್ನೂ ಕಂಪ್ಯೂಟರಿನ ವಶಕ್ಕೆ ಬಿಟ್ಟುಬಿಡುತ್ತಿದ್ದವು. ಕಾರ್ಡಿನ ಆರಂಭದಲ್ಲಿ ಒಂದು ಪಟ್ಟಿ ಇರುತ್ತದೆ. ಯಾವ ಹಾಡಿನ ಯಾವ ತುಣುಕು ಯಾವ ಖಾನೆಯಲ್ಲಿದೆ, ಯಾವ ಖಾನೆ ಖಾಲಿ ಎಂಬ ಲೆಕ್ಕ ಅದರಲ್ಲಿರುತ್ತದೆ. ಕಂಪ್ಯೂಟರ್ ಈ ಲೆಕ್ಕವನ್ನು ತಿದ್ದುತ್ತಿರುವಾಗಲೇ ಫೋನೂ ತಿದ್ದಿದರೆ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆದು ಎಲ್ಲ ಹಾಳು. ಆದ್ದರಿಂದ ಕೇಬಲ್ ಇದ್ದಷ್ಟು ಹೊತ್ತು ಫೋನು ತನ್ನದೇ ಕಾರ್ಡನ್ನು ಮುಟ್ಟುತ್ತಿರಲಿಲ್ಲ. ಆಗ ಗ್ಯಾಲರಿ ಖಾಲಿ ಕಾಣುತ್ತಿದ್ದುದು, ಕಾರ್ಡಿನಲ್ಲಿದ್ದ ರಿಂಗ್‌ಟೋನ್ ಹೋಗಿ ಕಂಪನಿಯ ಟ್ರಿಣ್ ಟ್ರಿಣ್ ಬರುತ್ತಿದ್ದುದು ಇದೇ ಕಾರಣಕ್ಕೆ. ಹಾಡು ಹೋಗುತ್ತಿರುವಾಗ ಕೇಬಲ್ ಕಿತ್ತರೆ ಲೆಕ್ಕದ ಪಟ್ಟಿಯೇ ಅರ್ಧಕ್ಕೆ ನಿಂತು, ಮೊದಲಿದ್ದ ಹಾಡುಗಳೂ ಮಾಯವಾಗಬಹುದಿತ್ತು.

2011ರ ಹೊತ್ತಿಗೆ ಆಂಡ್ರಾಯ್ಡ್ ಈ ದಾರಿ ಬಿಟ್ಟಿತು. ಆ್ಯಪ್, ಹಾಡು, ಫೋಟೊ ಎಲ್ಲವೂ ಫೋನಿನೊಳಗಿನ ಒಂದೇ ಜಾಗದಲ್ಲಿ ಇರತೊಡಗಿದ ಮೇಲೆ ಅದನ್ನು ಪೂರ್ತಿ ಕಂಪ್ಯೂಟರಿಗೆ ಬಿಟ್ಟುಕೊಟ್ಟರೆ ಫೋನು ನಡೆಯುವುದೇ ನಿಲ್ಲುತ್ತದೆ. ಜೊತೆಗೆ ಫೋನಿನೊಳಗೆ ಲೆಕ್ಕ ಇಡುವ ಪದ್ಧತಿ ವಿಂಡೋಸಿಗೆ ಅರ್ಥವಾಗುವ ಜಾತಿಯದೂ ಅಲ್ಲ. ಹಾಗಾಗಿ ಎಂಟಿಪಿ ಎಂಬ ಬೇರೆ ಮಾತುಕತೆಯ ಕ್ರಮ ಬಂತು. ಇದನ್ನು ರೂಪಿಸಿದ್ದು ಮೈಕ್ರೋಸಾಫ್ಟ್. ಡಿಜಿಟಲ್ ಕ್ಯಾಮೆರಾದಿಂದ ಫೋಟೊ ಇಳಿಸಿಕೊಳ್ಳಲು ಮೊದಲೇ ಇದ್ದ ಕ್ರಮವೊಂದನ್ನು ಅದು ಹಾಡು ಕೇಳುವ ಸಾಧನಗಳಿಗೆಂದು ಹಿಗ್ಗಿಸಿತು. 2008ರಲ್ಲಿ ಅದಕ್ಕೆ ಯುಎಸ್‌ಬಿ ಮಾನಕದ ಸ್ಥಾನ ಸಿಕ್ಕಿತು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ನೆನಪಿಸಿಕೊಳ್ಳಿ. ಹಳೆಯ ಪದ್ಧತಿ ಅಂದರೆ ರೂಮಿನ ಬೀಗದ ಕೈಯನ್ನೇ ನಿಮಗೆ ಕೊಟ್ಟು ಗುಮಾಸ್ತರು ಹೊರಗೆ ನಿಂತಂತೆ. ಎಂಟಿಪಿಯಲ್ಲಿ ನೀವು ಕೌಂಟರಿನ ಈಚೆಗೇ ನಿಲ್ಲಬೇಕು. ಯಾವ ಕಡತ ಬೇಕೆಂದು ಚೀಟಿ ಬರೆದು ಕೊಟ್ಟರೆ ಒಳಗಿನವರು ತಂದುಕೊಡುತ್ತಾರೆ. ನೀವು ಕೊಟ್ಟದ್ದನ್ನು ಎಲ್ಲಿಡಬೇಕು ಎಂಬುದು ಅವರಿಗೇ ಸೇರಿದ್ದು. ಕಂಪ್ಯೂಟರ್ ಒಂದು ಹಾಡನ್ನು ಕಳಿಸುವ ಮುನ್ನ “ಇಂಥ ಹೆಸರಿನ, ಇಷ್ಟು ದೊಡ್ಡ ಫೈಲು ಬರುತ್ತಿದೆ” ಎಂದು ತಿಳಿಸುತ್ತದೆ. ಫೋನು ಜಾಗ ಇದೆಯೇ ಎಂದು ನೋಡಿ ಒಪ್ಪಿದ ಮೇಲೆಯೇ ಹಾಡು ಹೊರಡುತ್ತದೆ. ಒಂದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ದೊಡ್ಡ ಸಿನಿಮಾ ಕಾಪಿ ಆಗುತ್ತಿರುವಾಗ ಇನ್ನೊಂದು ಫೋಲ್ಡರ್ ತೆರೆಯಲು ಹೋದರೆ ಕಿಟಕಿ ಹೆಪ್ಪುಗಟ್ಟಿದಂತೆ ನಿಲ್ಲುವುದು ಅದಕ್ಕೇ. ಸಣ್ಣ ಸಣ್ಣ ಐನೂರು ಹಾಡು ಕಳಿಸಲು ಅಷ್ಟೇ ಗಾತ್ರದ ಒಂದು ಸಿನಿಮಾಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದೂ ಅದಕ್ಕೇ, ಚೀಟಿ ಐನೂರು ಸಲ ಹೋಗಿ ಬರಬೇಕು. ಆದರೆ ನಡುವೆ ಕೇಬಲ್ ಕಿತ್ತುಹೋದರೆ ಕೆಡುವುದು ಅರ್ಧ ಹೋದ ಆ ಒಂದು ಹಾಡು ಮಾತ್ರ. ನನ್ನ ಮಟ್ಟಿಗೆ ನಿಧಾನವಾದರೂ ಇದೇ ವಾಸಿ.

ಕಾಪಿ ಆಯಿತು, ಆದರೆ ಹಾಡಿನ ಆ್ಯಪ್‌ನಲ್ಲಿ ಕಾಣುತ್ತಿಲ್ಲ ಎಂಬ ದೂರು ಇನ್ನೊಂದು. ಆ್ಯಪ್‌ಗಳು ಸಾಮಾನ್ಯವಾಗಿ ಫೋಲ್ಡರುಗಳನ್ನು ನೇರವಾಗಿ ಹುಡುಕುವುದಿಲ್ಲ. ಫೋನಿನೊಳಗೆ ಹಾಡು, ಫೋಟೊ, ವಿಡಿಯೊಗಳದೇ ಒಂದು ದಾಖಲೆ ಪುಸ್ತಕ ಇರುತ್ತದೆ. ಆ್ಯಪ್ ನೋಡುವುದು ಅದನ್ನು. ಹೊಸ ಹಾಡು ಆ ಪುಸ್ತಕಕ್ಕೆ ಸೇರದಿದ್ದರೆ ಫೈಲು ಒಳಗಿದ್ದರೂ ಇಲ್ಲದಂತೆಯೇ. ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಮಾನ್ಯವಾಗಿ ದಾಖಲೆ ಸರಿಹೋಗುತ್ತದೆ.

ಇನ್ನು ಹಾಡಿನ ಗಾತ್ರ. ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ. ಆ ಲೆಕ್ಕದಲ್ಲಿ ನಾಲ್ಕು ನಿಮಿಷದ ಹಾಡಿಗೆ ಸುಮಾರು 42 ಎಂಬಿ ಬೇಕು. ಎಂಪಿ3 ಅದನ್ನು 4 ಎಂಬಿಗಿಂತ ಕಡಿಮೆಗೆ ಇಳಿಸುತ್ತದೆ. ಜೋರು ಸದ್ದಿನ ಪಕ್ಕದಲ್ಲಿ ಮೆಲು ಸದ್ದು ನಮ್ಮ ಕಿವಿಗೆ ಕೇಳುವುದಿಲ್ಲ. ತಮಟೆಯ ಏಟು ಬಿದ್ದ ಕ್ಷಣದಲ್ಲಿ ಹಿಂದಿನ ತಂಬೂರಿಯ ಸಣ್ಣ ಮಿಡಿತ ತಿಳಿಯದು. ಹೀಗೆ ಕೇಳದೆ ಹೋಗುವುದನ್ನು ಲೆಕ್ಕ ಹಾಕಿ ಬಿಟ್ಟುಬಿಡುವುದೇ ಎಂಪಿ3ಯ ಜಾಣತನ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಜೊತೆಗಾರರು ಬೆಳೆಸಿದ ಈ ವಿದ್ಯೆಗೆ 1995ರಲ್ಲಿ ಎಂಪಿ3 ಎಂಬ ಬಾಲದ ಹೆಸರು ಸಿಕ್ಕಿತು. ಈ ದರದಲ್ಲಿ ಒಂದು ಗಂಟೆಯ ಮಾದಪ್ಪನ ಕಥೆಗೂ 58 ಎಂಬಿ ಸಾಕು.

ಹಾಡಿನ ಹೆಸರು ಪರದೆಯ ಮೇಲೆ ಗೀಚು ಗೀಚಾಗಿ ಬರುವುದು ಕನ್ನಡದವರಿಗೆ ಹೊಸದಲ್ಲ. ಎಂಪಿ3 ಫೈಲಿನ ಬಾಲದಲ್ಲಿ ಹಾಡಿನ ವಿವರ ಬರೆಯಲು 1996ರಲ್ಲಿ ಐಡಿ3 ಎಂಬ 128 ಬೈಟಿನ ಜಾಗ ಗೊತ್ತುಮಾಡಿದರು. ಅದರಲ್ಲಿ ಶೀರ್ಷಿಕೆಗೆ 30 ಬೈಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು, ಕಾಗುಣಿತ ಒತ್ತಕ್ಷರಗಳಿಗೆ ಬೇರೆ ಲೆಕ್ಕ. ‘ಮಾದಪ್ಪ’ ಎಂದು ಬರೆಯುವಷ್ಟರಲ್ಲಿ 18 ಬೈಟು ಮುಗಿದಿರುತ್ತದೆ. ಆ ಕಾಲದ ವ್ಯವಸ್ಥೆಗೆ ಕನ್ನಡ ಎಂಬ ಲಿಪಿ ಇದೆಯೆಂಬುದೇ ಗೊತ್ತಿರಲಿಲ್ಲ. ಹಿಂದೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಆಕೃತಿ ಕೂರಿಸಿದ ಹಳೆಯ ಫಾಂಟುಗಳಲ್ಲಿ ಬರೆದಿದ್ದರಂತೂ ಹೊಸ ಫೋನಿನಲ್ಲಿ ಅವು ಯಾರಿಗೂ ಓದಲಾಗದ ಚಿಹ್ನೆಗಳು. ಆಮೇಲೆ ಬಂದ ಐಡಿ3 ಎರಡನೆಯ ಆವೃತ್ತಿ ವಿವರವನ್ನು ಫೈಲಿನ ತಲೆಗೆ ತಂದು ಯೂನಿಕೋಡಿಗೂ ಜಾಗ ಕೊಟ್ಟಿತು. ವಿವರ ತಿದ್ದುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಒಂದು ಸಲ ಕೂತು ಕನ್ನಡದಲ್ಲಿ ಹೆಸರು ಬರೆದುಕೊಂಡರೆ ಅದು ಹಾಡಿನೊಂದಿಗೇ ಹೋಗುತ್ತದೆ.

ಕೆ.ಆರ್. ನಗರದ ಭತ್ತದ ಬಯಲಿನಲ್ಲಿ ಟ್ರ್ಯಾಕ್ಟರ್ ಓಡಿಸುವವರ ತೊಂದರೆ ಬೇರೆ. ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿಗೆ ಪೆನ್‌ಡ್ರೈವ್ ಹಾಕಿದರೆ ಹಾಡುಗಳು ತಮಗೆ ತೋಚಿದ ಸಾಲಿನಲ್ಲಿ ಬರುತ್ತವೆ. ಕಂಪ್ಯೂಟರಿನಲ್ಲಿ ಅಕ್ಷರ ಕ್ರಮದಲ್ಲಿ ಕಂಡದ್ದು ಇಲ್ಲಿ ಕಲಸಿಹೋಗಿರುತ್ತದೆ. ಆ ಡಬ್ಬಿಯೊಳಗಿನ ಅಗ್ಗದ ಚಿಪ್ಪಿಗೆ ಹೆಸರುಗಳನ್ನು ಜೋಡಿಸುವಷ್ಟು ತಾಳ್ಮೆಯಿಲ್ಲ, ಯಾವ ಹಾಡು ಮೊದಲು ಕಾಪಿ ಆಯಿತೋ ಅದನ್ನೇ ಮೊದಲು ಹಾಡುತ್ತದೆ. ಬೇಕಾದ ಸಾಲಿನಲ್ಲಿ ಒಂದೊಂದೇ ಕಾಪಿ ಮಾಡಿದರೆ ಸರಿ. 64 ಜಿಬಿ ಕಾರ್ಡು ತಂದು ಹಾಕಿದರೆ ಡಬ್ಬಿ ಮೂಕವಾಗುವುದಕ್ಕೂ ಕಾರಣವಿದೆ. 32 ಜಿಬಿವರೆಗಿನ ಕಾರ್ಡುಗಳು ಫ್ಯಾಟ್32 ಎಂಬ ಹಳೆಯ ಲೆಕ್ಕದ ಪದ್ಧತಿಯಲ್ಲಿ ಬರುತ್ತವೆ, ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್ ಎಂಬುದರಲ್ಲಿ. ಹಳೆಯ ಡಬ್ಬಿಗಳು ಓದುವುದು ಮೊದಲನೆಯದನ್ನು ಮಾತ್ರ. 32 ಜಿಬಿಯದೇ ಕೊಂಡರೆ ದುಡ್ಡೂ ಉಳಿಯುತ್ತದೆ.

ಕೇಬಲ್ಲಿನ ರಗಳೆಯೇ ಬೇಡ ಎನ್ನುವವರು ಹಿಂದೆ ಶೇರ್‌ಇಟ್, ಕ್ಸೆಂಡರ್ ಬಳಸುತ್ತಿದ್ದರು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅವೂ ಹೋದವು. ಈಗ ಆಂಡ್ರಾಯ್ಡ್ ಫೋನುಗಳಲ್ಲಿ ಕ್ವಿಕ್ ಶೇರ್ ಒಳಗೇ ಇರುತ್ತದೆ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಪಕ್ಕದ ಫೋನನ್ನು ಬ್ಲೂಟೂತ್ ಮೂಲಕ ಹುಡುಕಿ, ಹಾಡನ್ನು ವೈಫೈ ಅಲೆಯ ಮೇಲೆ ನೇರವಾಗಿ ಕಳಿಸುತ್ತದೆ. ಬರೀ ಬ್ಲೂಟೂತ್‌ನಲ್ಲಿ ಒಂದು ಹಾಡಿಗೆ ಕಾಲು ನಿಮಿಷ ಬೇಕು, ಐನೂರು ಹಾಡಿಗೆ ಎರಡು ಗಂಟೆ.

ಐಫೋನಿನವರ ಪಾಡು ಇನ್ನೂ ಬಿಗಿ. ವಿಂಡೋಸ್ ಕಂಪ್ಯೂಟರಿಗೆ ಅದು ಕ್ಯಾಮೆರಾದಂತೆ ಫೋಟೊ ಫೋಲ್ಡರನ್ನಷ್ಟೇ ತೋರಿಸುತ್ತದೆ. ಅದರ ಹಾಡಿನ ಆ್ಯಪ್‌ಗೆ ಹಾಡು ಸೇರಿಸಲು ಆ್ಯಪಲ್‌ನದೇ ತಂತ್ರಾಂಶ ಬೇಕು. ಬೇರೊಂದು ಕಂಪ್ಯೂಟರಿನ ಸಂಗ್ರಹಕ್ಕೆ ಜೋಡಿಸಿದರೆ ಮೊದಲು ತುಂಬಿದ್ದ ಹಾಡುಗಳನ್ನು ಅಳಿಸಬೇಕೆ ಎಂದು ಕೇಳುತ್ತದೆ. ಅಂಗಡಿಯವರು ಅದನ್ನು ಮುಟ್ಟಲು ಹಿಂಜರಿದರೆ ಅವರನ್ನು ಬೈಯಬೇಡಿ.

“ಈಗ ಯಾರು ಹಾಡು ತುಂಬಿಸುತ್ತಾರೆ, ಎಲ್ಲ ನೆಟ್‌ನಲ್ಲೇ ಇದೆಯಲ್ಲ” ಎನ್ನುವವರು ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ಬಳ್ಳೆ, ಬಾವಲಿ ಕಡೆಗೆ ಒಮ್ಮೆ ಬಸ್ಸಿನಲ್ಲಿ ಹೋಗಿ ಬರಲಿ. ಕಾಡು ಶುರುವಾಗುತ್ತಿದ್ದಂತೆ ಸಿಗ್ನಲ್ಲಿನ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ, ಹಾಡು ಪಲ್ಲವಿಯಲ್ಲೇ ನಿಲ್ಲುತ್ತದೆ. ಆ್ಯಪ್‌ನಲ್ಲಿ ‘ಡೌನ್‌ಲೋಡ್’ ಮಾಡಿಕೊಂಡರೂ ಅದು ನಮ್ಮ ಫೈಲಾಗುವುದಿಲ್ಲ. ಬೀಗ ಹಾಕಿದ ರೂಪದಲ್ಲಿ ಫೋನಿನಲ್ಲಿರುತ್ತದೆ, ಆ ಆ್ಯಪ್ ಬಿಟ್ಟು ಬೇರಾವುದೂ ಅದನ್ನು ಹಾಡಿಸಲಾರದು. ಸ್ಪಾಟಿಫೈನಲ್ಲಿ 30 ದಿನಕ್ಕೆ ಒಮ್ಮೆಯಾದರೂ ಇಂಟರ್ನೆಟ್ಟಿಗೆ ಬಂದು ಹೋಗಬೇಕು, ಚಂದಾ ನಿಂತರೆ ಹಾಡೂ ನಿಂತಿತು. ಬ್ಯಾರನ್ ಕಾಯುವವರಿಗೆ, ಕಾಡಂಚಿನವರಿಗೆ ಸ್ವಂತ ಎಂಪಿ3ಯ ಕಾಲ ಇನ್ನೂ ಮುಗಿದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹಳೆಯ ಅಭ್ಯಾಸ ಬಿಡಲೇಬೇಕು. ಅಂದು ನಾವು ಅಂಗಡಿಗೆ ಕೊಡುತ್ತಿದ್ದುದು ಬರೀ ಕಾರ್ಡು, ಇಂದು ಕೊಡುತ್ತಿರುವುದು ಲಾಕ್ ತೆಗೆದ ಫೋನು. ‘ಫೈಲ್ ವರ್ಗಾವಣೆ’ ಒತ್ತಿದ ಮೇಲೆ ಹಾಡಿನ ಫೋಲ್ಡರ್ ಜೊತೆಗೆ ಮನೆಯವರ ಫೋಟೊ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಗಳು, ಡೌನ್‌ಲೋಡ್ ಮಾಡಿಟ್ಟ ಆಧಾರ್, ಪಹಣಿ ಎಲ್ಲವೂ ಎದುರಿನ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತವೆ. ಬ್ಯಾಂಕ್ ಆ್ಯಪ್‌ಗಳ ಒಳಗಿನ ಮಾಹಿತಿ ಕೇಬಲ್ಲಿನಿಂದ ಸಿಗದು ನಿಜ, ಆದರೆ ಲಾಕ್ ಇಲ್ಲದ ಫೋನೇ ಇನ್ನೊಬ್ಬರ ಕೈಯಲ್ಲಿ ಇರುತ್ತದಲ್ಲ. ಇದಕ್ಕೆ ಸುಲಭದ ದಾರಿ ಉಂಟು. ಒಂದು ಕಡೆ ಮಾಮೂಲಿ ತುದಿ, ಇನ್ನೊಂದು ಕಡೆ ಟೈಪ್‌-ಸಿ ತುದಿ ಇರುವ ಪೆನ್‌ಡ್ರೈವ್ ಸಿಗುತ್ತದೆ. ಅದನ್ನು ಫೋನಿಗೆ ಚುಚ್ಚಿದರೆ ಫೋನೇ ಕಂಪ್ಯೂಟರಿನ ಸ್ಥಾನಕ್ಕೆ ಬಂದು ಹಾಡುಗಳನ್ನು ಓದಿಕೊಳ್ಳುತ್ತದೆ, ಎಂಟಿಪಿಯ ಚೀಟಿ ವ್ಯವಹಾರವೇ ಬೇಕಿಲ್ಲ. ಕೆಲವು ಫೋನುಗಳಲ್ಲಿ ಇದಕ್ಕೆ ಓಟಿಜಿ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕಾಗುತ್ತದೆ. ಇನ್ನು ಮೇಲೆ ಅಂಗಡಿಗೆ ಪೆನ್‌ಡ್ರೈವ್ ಕೊಡಿ, ಫೋನು ನಿಮ್ಮ ಜೇಬಿನಲ್ಲೇ ಇರಲಿ.