ಬೆರಳ ತುದಿಯ ಮಾತಿಗೂ ವ್ರತವುಂಟು

ಬೆಳಗಿನ ಹೊತ್ತು ಹರಿಹರದಿಂದ ದಾವಣಗೆರೆಗೆ ಹೊರಡುವ ಬಸ್ಸುಗಳು ಕಾಲೇಜು ವಿದ್ಯಾರ್ಥಿಗಳಿಂದ ತುಂಬಿರುತ್ತವೆ. ಹಿಂದೆ ಹರಟೆಯಲ್ಲಿ ಸವೆಯುತ್ತಿದ್ದ ಆ ದಾರಿಯಲ್ಲಿ ಇಂದು ಅಕ್ಕಪಕ್ಕ ಕುಳಿತವರೂ ತಲೆ ತಗ್ಗಿಸಿ ತಮ್ಮ ತಮ್ಮ ಮೊಬೈಲ್ ನೋಡುತ್ತಿರುತ್ತಾರೆ. ಹಾಗೆಂದು ಮಾತು ನಿಂತಿಲ್ಲ. ಅದು ನಾಲಗೆಯಿಂದ ಬೆರಳಿಗೆ ಇಳಿದಿದೆ. ಗೆಳತಿ ನಂಬಿ ಬರೆದ ನಾಲ್ಕು ಸಾಲು, ಬಸ್ಸು ದಾವಣಗೆರೆ ಮುಟ್ಟುವ ಮೊದಲೇ ಸ್ಕ್ರೀನ್‌ಶಾಟ್ ಆಗಿ ತರಗತಿಯ ವಾಟ್ಸ್‌ಆ್ಯಪ್ ಗ್ರೂಪ್ ಸೇರಬಹುದು. ಹಂಚಿದವಳಿಗೆ ಅದು ಕ್ಷಣದ ತಮಾಷೆ. ಬರೆದವಳಿಗೆ ಮರುದಿನ ಕಾಲೇಜಿನ ಮೆಟ್ಟಿಲು ಹತ್ತುವುದೇ ಕಷ್ಟ.

ಜೈನ ಶ್ರಾವಕಾಚಾರವು ಇಂತಹ ದೋಷವನ್ನು ಬಹು ಹಿಂದೆಯೇ ಗುರುತಿಸಿದೆ. ದಿಗಂಬರ, ಶ್ವೇತಾಂಬರ ಪರಂಪರೆಗಳೆರಡೂ ಗೌರವಿಸುವ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 7ನೇ ಅಧ್ಯಾಯವು ಗೃಹಸ್ಥರ ಸತ್ಯಾಣುವ್ರತಕ್ಕೆ ತಗಲುವ 5 ಅತಿಚಾರಗಳನ್ನು ಹೇಳುತ್ತದೆ. ದಾರಿ ತಪ್ಪಿಸುವ ಬೋಧನೆ ಮಿಥ್ಯೋಪದೇಶ. ಏಕಾಂತದ ಸಂಗತಿಯನ್ನು ಬಯಲಿಗಿಡುವುದು ರಹೋಭ್ಯಾಖ್ಯಾನ. ಸುಳ್ಳು ಬರಹ ಕೂಟಲೇಖಕ್ರಿಯೆ. ನಂಬಿ ಇಟ್ಟ ಒಡವೆ, ಹಣವನ್ನು ಲಪಟಾಯಿಸುವುದು ನ್ಯಾಸಾಪಹಾರ. ಮುಖಭಾವ, ಸನ್ನೆಗಳಿಂದ ಪರರ ಗುಟ್ಟನ್ನರಿತು ಹೊರಗೆಡಹುವುದು ಸಾಕಾರಮಂತ್ರಭೇದ.

ಈ ಪಟ್ಟಿಯನ್ನು ಮೊಬೈಲಿನ ಪಕ್ಕದಲ್ಲಿಟ್ಟು ನೋಡಬೇಕು. ಗೆಳತಿಯ ಗುಟ್ಟನ್ನು ಗ್ರೂಪಿಗೆ ಹಾಕಿದ ಸ್ಕ್ರೀನ್‌ಶಾಟ್ ರಹೋಭ್ಯಾಖ್ಯಾನವೇ ಅಲ್ಲವೇ? ಪರರ ಹೆಸರಿನಲ್ಲಿ ತೆರೆದ ನಕಲಿ ಇನ್‌ಸ್ಟಾಗ್ರಾಂ ಖಾತೆ ಕೂಟಲೇಖವೇ ಅಲ್ಲವೇ? ಹೊರಬಿದ್ದ ಗುಟ್ಟು ನಿಜವಾಗಿದ್ದರೂ ದೋಷ ತಪ್ಪದು. ‘ಇದ್ದುದನ್ನೇ ಹಾಕಿದೆ’ ಎಂಬ ಸಮರ್ಥನೆ ಇಲ್ಲಿ ನಿಲ್ಲುವುದಿಲ್ಲ. ಸತ್ಯವ್ರತವು ಅಹಿಂಸೆಯ ಕಾವಲಿಗೆಂದೇ ಇರುವುದು.

ಕಾವಲು ಸಡಿಲವಾದಾಗ ಊರೂ ನೋಯುತ್ತದೆ. 2022ರ ಫೆಬ್ರುವರಿಯಲ್ಲಿ ಹಿಜಾಬ್ ವಿವಾದದ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದ ದಿನಗಳಲ್ಲಿ ಹರಿಹರದಲ್ಲಿ ಕಲ್ಲು ತೂರಾಟ ನಡೆಯಿತು. ದಾವಣಗೆರೆ, ಹರಿಹರಗಳಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ 3 ದಿನ ರಜೆ ಘೋಷಣೆಯಾಯಿತು. ವಿವಾದದ ಕಾರಣಗಳು ಹಲವಿರಬಹುದು. ಆದರೆ ಬಂದುದನ್ನು ವಿಚಾರಿಸದೆ ಮುಂದಕ್ಕೆ ಕಳುಹಿಸುವ ಬೆರಳು ಉರಿಯುವ ಒಲೆಗೆ ಸೌದೆ ಒಟ್ಟಿದಂತೆ.

ಪರಿಹಾರವೂ ಮನೆಯಲ್ಲಿಯೇ ಇದೆ. ಸಾಮಾಯಿಕದ ಅವಧಿ 2 ಘಳಿಗೆ, ಅಂದರೆ 48 ನಿಮಿಷ. ಅಷ್ಟು ಹೊತ್ತು ಮನೆಮಂದಿಯೆಲ್ಲ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಕುಳಿತರೆ ಮನಸ್ಸು ತನ್ನ ನೆಲೆಗೆ ಮರಳುತ್ತದೆ. ಮಕ್ಕಳಿಗೆ ‘ಮೊಬೈಲ್ ಬಿಡು’ ಎನ್ನುವ ಹಿರಿಯರೇ ಬಸದಿಯ ಕಟ್ಟೆಯ ಮೇಲೂ ಅದರಲ್ಲಿ ಮುಳುಗಿದ್ದರೆ ಉಪದೇಶ ಫಲಿಸದು. ರಾತ್ರಿಯ ಪ್ರತಿಕ್ರಮಣದಲ್ಲಿ ದಿನದ ತಪ್ಪುಗಳನ್ನು ನೆನೆಯುವಾಗ, ಅಂದು ಕಳುಹಿಸಿದ ಸಂದೇಶಗಳನ್ನೂ ನೆನೆಯಬೇಕು: ಯಾವುದು ಯಾರನ್ನು ನೋಯಿಸಿತು?

ಕ್ಷಮಾವಣಿಯ ದಿನ ಹೂವಿನ ಚಿತ್ರದೊಡನೆ ‘ಉತ್ತಮ ಕ್ಷಮಾ’ ಎಂಬ ಒಂದೇ ಸಂದೇಶ ನೂರಾರು ಜನರನ್ನು ತಲಪುತ್ತದೆ. ನೋಯಿಸಿದವರ ಹೆಸರು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ಎಂದೋ ಬ್ಲಾಕ್ ಆಗಿರುತ್ತದೆ. ನೂರು ಜನರಿಗೆ ಕಳುಹಿಸುವುದು ಸುಲಭ. ಬಸ್ಸಿನಲ್ಲಿ ಎರಡು ಸಾಲು ಹಿಂದೆ ಒಬ್ಬಳೇ ಕುಳಿತಿರುವ ಗೆಳತಿಯ ಪಕ್ಕಕ್ಕೆ ಹೋಗಿ, ಮುಖ ನೋಡಿ ‘ನನ್ನಿಂದ ತಪ್ಪಾಯಿತು’ ಎನ್ನುವುದು ಕಷ್ಟ. ಕ್ಷಮಾಧರ್ಮ ಆರಂಭವಾಗುವುದು ಆ ಕಷ್ಟದಿಂದಲೇ.